ಪ್ರಹಸನದಲ್ಲಿ ಪತ್ತೇದಾರ: ಬೆಳಗಾವಿ ಸೀಮೆಯ ರಂಗವನ್ನು ಕುರಿತು ಒಂದು ವಿಚಾರ

ಪತ್ತೇದಾರಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸಾಹಿತ್ಯೋಪಾಧ್ಯಾಯರಲ್ಲಿ ಬಹುಮಂದಿ ಮುಖವನ್ನು ತಿರುಗಿಸಿಕೊಳ್ಳುವುದು ರೂಢಿಯಾಗಿದೆ. ಅದು ಪರದೇಶದಿಂದ ಬಂದ ಸರಕು. ಕಾಲಹರಣಕ್ಕಲ್ಲದೆ ಮತ್ತೊಂದಕ್ಕೆ ಒದಗದು. ಅದರ ಅಣಕವಾಗಿ ಕಟ್ಟಿದ ಹಾಸ್ಯನಾಟಕವಂತೂ ಊರಿನ ಹವ್ಯಾಸಿಗಳು ಹಬ್ಬಹುಣ್ಣಿಮೆಗಳಲ್ಲಿ ಆಡಿ ಮರೆಯತಕ್ಕ ಆಟವೇ ಹೊರತು ವಿಮರ್ಶೆಗೆ ವಿಷಯವಾಗಲಾರದು. ಹೀಗೆಂಬುದು ಅವರ ಮತ. ಈ ಮತದಲ್ಲಿ ಎರಡು ಅಂಶಗಳು ಅಡಗಿರುವುವು. ಇದು ನಮ್ಮದಲ್ಲವೆಂಬುದು ಒಂದು. ಇದು ಅಲ್ಪವೆಂಬುದು ಮತ್ತೊಂದು. ಎರಡೂ ಪರೀಕ್ಷೆಗೆ ನಿಲ್ಲತಕ್ಕವಲ್ಲವೆಂದು ತೋರಿಸುವುದೂ, ಇಂತಹ ನಾಟಕದ ಗುಣದೋಷಗಳನ್ನು ಅಳೆಯಲು ಒಂದು ಮಾನದಂಡವನ್ನು ಸೂಚಿಸುವುದೂ ಈ ಲೇಖನದ ಉದ್ದೇಶ. ಬೆಳಗಾವಿ ಮತ್ತು ಖಾನಾಪುರಗಳ ಸೀಮೆಯನ್ನು ವಿಚಾರಭೂಮಿಯಾಗಿ ಆರಿಸಿಕೊಂಡುದಕ್ಕೆ ಕಾರಣವುಂಟು. ಈ ಜಾತಿಯ ನಾಟಕಗಳಲ್ಲಿ ಪ್ರಸಿದ್ಧವಾದ ಒಂದರ ಕರ್ತೃಗಳು ಬೆಳಗಾವಿಯಲ್ಲಿ ವಿದ್ಯಾಭ್ಯಾಸ ಮಾಡಿದವರು. ಆ ನಾಟಕದ ವಸ್ತುವಾದ ಪರಸ್ಪರ ಶಂಕೆಯಾದರೋ ಆ ಸೀಮೆಯ ಜನಜೀವನಕ್ಕೆ ದೂರವಾದುದಲ್ಲ.

೧

ಪತ್ತೇದಾರಿ ಕಥೆಯು ಇಂದಿನ ರೂಪದಲ್ಲಿ ಪಾಶ್ಚಾತ್ಯರದೆಂಬುದರಲ್ಲಿ ವಿವಾದವಿಲ್ಲ. ಅಮೆರಿಕದ ಎಡ್ಗರ್ ಅಲನ್ ಪೋ ೧೮೪೧ರಲ್ಲಿ ಬರೆದ ಕಥೆಯಿಂದ ಅದರ ವಂಶಾವಳಿಯನ್ನು ಎಣಿಸುವುದು ವಾಡಿಕೆ. ೧೮೮೭ರಲ್ಲಿ ಕಾನನ್ ಡಾಯಲನ ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡ ಮೇಲೆ ಅದು ಲೋಕವ್ಯಾಪಿಯಾಯಿತು. ಕನ್ನಡದಲ್ಲಿ ಎನ್. ನರಸಿಂಹಯ್ಯನವರು (೧೯೨೫–೨೦೧೧) ಪತ್ತೇದಾರ ಪುರುಷೋತ್ತಮನೇ ಮೊದಲಾದ ನಾಯಕರನ್ನು ಸೃಷ್ಟಿಸಿ, ನೂರಾರು ಕಾದಂಬರಿಗಳ ಮೂಲಕ ಸಾಮಾನ್ಯ ಜನರಲ್ಲಿ ಓದುವ ಅಭ್ಯಾಸವನ್ನು ಬೆಳೆಸಿದರು. ವಿದ್ವಾಂಸರು ಅವರಿಗೆ ಸಲ್ಲಿಸಬೇಕಾದ ಋಣವು ಇನ್ನೂ ತೀರಿಲ್ಲ.

ಇಂತಹ ಕಥೆಯ ಅಣಕವು ಬೇರೆ ಜಾತಿಯದು. ೧೯೬೮ರಲ್ಲಿ ಲಂಡನ್ನಿನಲ್ಲಿ ಪ್ರಯೋಗಗೊಂಡ ಟಾಮ್ ಸ್ಟಾಪರ್ಡನ ‘ದಿ ರಿಯಲ್ ಇನ್‌ಸ್ಪೆಕ್ಟರ್ ಹೌಂಡ್’ ಎಂಬ ನಾಟಕವು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಶವವು ಮೊದಲಿನಿಂದಲೂ ರಂಗದ ಮೇಲೆಯೇ ಬಿದ್ದಿರುವುದು, ಪ್ರೇಕ್ಷಕರೆಲ್ಲರಿಗೂ ಕಾಣುವುದು, ಪಾತ್ರಗಳಿಗೆ ಮಾತ್ರ ಕಾಣದು. ನಾಟಕವನ್ನು ವಿಮರ್ಶಿಸಲು ಬಂದು ಕುಳಿತ ಇಬ್ಬರು ವಿಮರ್ಶಕರೇ ಕಡೆಗೆ ಅದರೊಳಗೆ ಸಿಕ್ಕಿ ಹತರಾಗುವರು. ಪತ್ತೇದಾರಿ ಕಥೆಯಲ್ಲಿ ಕಳ್ಳನ ಮೇಲೆ ನಮ್ಮ ಕಣ್ಣಿರುವುದು. ಅದರ ಅಣಕದಲ್ಲಿ ಶೋಧಕನ ಮೇಲೆ. ಕಳ್ಳನಾರೆಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ತಿಳಿಯಬಲ್ಲೆನೆಂದು ಹೊರಟವನು ಏನನ್ನು ತಿಳಿಯದೆ ಹೋದನೆಂಬುದೇ ಅಲ್ಲಿನ ಹಾಸ್ಯವಸ್ತು. ಹೀಗೆ ಲಕ್ಷಣವನ್ನು ಇಟ್ಟುಕೊಂಡು ನೋಡಿದರೆ, ಈ ಜಾತಿಯು ಪೋ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ದಕ್ಷಿಣಭಾರತದಲ್ಲಿ ಪೂರ್ಣರೂಪದಲ್ಲಿ ಇದ್ದಿತೆಂಬುದು ಗೋಚರವಾಗುವುದು.

೨

ಪಲ್ಲವರಾಜನಾದ ಮಹೇಂದ್ರವರ್ಮನ ‘ಮತ್ತವಿಲಾಸ’ವು ಏಳನೆಯ ಶತಮಾನದ ಆದಿಭಾಗದ ಕೃತಿ. ಬಹುಕಾಲ ವಿದ್ವಲ್ಲೋಕಕ್ಕೆ ದೂರವಾಗಿದ್ದ ಈ ಪ್ರಹಸನವನ್ನು ತ. ಗಣಪತಿ ಶಾಸ್ತ್ರಿಗಳು ೧೯೧೭ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯ ೫೫ನೆಯ ಪುಸ್ತಕವಾಗಿ ಪ್ರಕಟಿಸಿದರು. ಅಂದಿನಿಂದ ಇದನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಕಾಂಚೀನಗರದ ಮತಪಂಥಗಳ ಅನಾಚಾರವನ್ನು ಬಯಲಿಗೆಳೆಯುವ ವಿಡಂಬನವೆಂದು ಇದನ್ನು ವರ್ಣಿಸಿರುವರು. ಆ ವರ್ಣನೆಯು ಸುಳ್ಳಲ್ಲ, ಸಾಲದು. ಪಂಥಗಳ ವಿಡಂಬನವು ಇದರ ಮಾಂಸವಾದರೆ, ಒಂದು ಶೋಧನೆಯೇ ಇದರ ಅಸ್ಥಿಪಂಜರ.

ಕಥೆಯು ಸ್ವಲ್ಪ. ಸತ್ಯಸೋಮನೆಂಬ ಕಾಪಾಲಿಕನು ದೇವಸೋಮೆಯೆಂಬ ತನ್ನ ಸಂಗಾತಿಯೊಡನೆ ಮದ್ಯದಂಗಡಿಯಿಂದ ಮದ್ಯದಂಗಡಿಗೆ ತಿರುಗುತ್ತಿರುವಾಗ ತನ್ನ ಭಿಕ್ಷಾಪಾತ್ರೆಯಾದ ಕಪಾಲವು ಕಾಣೆಯಾದುದನ್ನು ಅರಿಯುವನು. ಅದರಲ್ಲಿ ಸುಟ್ಟ ಮಾಂಸವಿದ್ದುದರಿಂದ ನಾಯಿಯಾಗಲಿ ಬೌದ್ಧಭಿಕ್ಷುವಾಗಲಿ ಅದನ್ನು ಒಯ್ದಿರಬೇಕೆಂದು ಊಹಿಸುವನು. ಅಷ್ಟರಲ್ಲಿ ನಾಗಸೇನನೆಂಬ ಭಿಕ್ಷುವು ತನ್ನ ಪಾತ್ರೆಯನ್ನು ಚೀವರದ ಮರೆಯಲ್ಲಿ ಹಿಡಿದುಕೊಂಡು ಆ ದಾರಿಯಲ್ಲಿ ಬರುವನು. ಜಗಳವು ಹತ್ತುವುದು. ಬಭ್ರುಕಲ್ಪನೆಂಬ ಪಾಶುಪತನು ಮಧ್ಯಸ್ಥನಾಗುವನು. ಅವನಿಗೂ ಇದರಲ್ಲಿ ಸ್ವಾರ್ಥವುಂಟು. ತೀರ್ಮಾನವಾಗದೆ ಎಲ್ಲರೂ ನ್ಯಾಯಸ್ಥಾನಕ್ಕೆ ಹೊರಟಿರುವಾಗ ಒಬ್ಬ ಹುಚ್ಚನು ಕಪಾಲವನ್ನು ಹಿಡಿದುಕೊಂಡು ಬರುವನು. ಅವನು ಅದನ್ನು ಒಂದು ನಾಯಿಯಿಂದ ಕಸಿದುಕೊಂಡಿದ್ದನು. ಸ್ಟಾಪರ್ಡನ ಶೋಧಕಾಧಿಕಾರಿಯ ಹೆಸರಿಗೆ ಬೇಟೆನಾಯಿಯೆಂದು ಅರ್ಥ. ಕಾಂಚಿಯಲ್ಲಾದರೋ ನಾಯಿಯೇ ಕಳ್ಳ.

ಈ ಕಥಾಸರಣಿಯಲ್ಲಿ ವಿಮರ್ಶಕರು ಗಮನಿಸಬೇಕಾದ ಅಂಶವೊಂದಿದೆ. ಕಾಪಾಲಿಕನ ಮೊದಲನೆಯ ಊಹೆಯಲ್ಲಿಯೇ ಉತ್ತರವಿದ್ದಿತು. ನಾಯಿ, ಭಿಕ್ಷು ಎಂದು ಅವನು ಎರಡು ಕೋಟಿಗಳನ್ನು ಎತ್ತಿದನು. ಭಿಕ್ಷುವು ಕಣ್ಣಿಗೆ ಬಿದ್ದೊಡನೆ ನಾಯಿಯನ್ನು ಮರೆತನು. ನಾಯಿಯನ್ನು ಹುಡುಕಬೇಕಾದರೆ ಬೀದಿಬೀದಿ ಅಲೆಯಬೇಕು. ಭಿಕ್ಷುವಾದರೋ ಎದುರಿಗೇ ಇದ್ದಾನೆ, ಮೇಲಾಗಿ ಪರಪಂಥದವನು. ಆ ಕ್ಷಣದಿಂದ ಮುಂದೆ ಕಾಣುವುದೆಲ್ಲವೂ ಸಾಕ್ಷ್ಯವಾಗುತ್ತ ಹೋಗುವುದು. ಭಿಕ್ಷುವು ಬೇಗ ನಡೆದರೆ ಓಡುತ್ತಿರುವನೆಂದು, ಪಾತ್ರೆಯನ್ನು ಮುಚ್ಚಿಕೊಂಡರೆ ಬಚ್ಚಿಡುತ್ತಿರುವನೆಂದು ಅರ್ಥ. ಅವನು ಪಾತ್ರೆಯನ್ನು ತೆಗೆದು ತೋರಿಸಿ, ಇದರ ಬಣ್ಣವೇ ಬೇರೆಯೆಂದರೂ ಉಳಿಗತಿಯಿಲ್ಲ; ಜಗತ್ತನ್ನೇ ಇಲ್ಲವೆನ್ನುವ ಮತದವರಿಗೆ ಒಂದು ಪಾತ್ರೆಯ ರೂಪವನ್ನು ಬದಲಿಸುವುದು ಏನು ದೊಡ್ಡದೆಂಬ ಸಮಾಧಾನವು ಸಿದ್ಧವಾಗಿದೆ. ಅನುಕೂಲವಾದುದು ಪ್ರಮಾಣ, ಪ್ರತಿಕೂಲವಾದುದು ಕಪಟಕ್ಕೆ ಪ್ರಮಾಣ. ಈ ಪದ್ಧತಿಗೆ ಸಿಕ್ಕಿದವನು ಯಾವನೂ ನಿರಪರಾಧಿಯಾಗಲಾರನು.

ಪಾಶುಪತನ ಮುಂದೆ ನಡೆಯುವ ವಾದವು ತರ್ಕಶಾಸ್ತ್ರದ ಪರಿಚಯವಿದ್ದವರಿಗೆ ಇಮ್ಮಡಿಯಾದ ನಗೆಯನ್ನು ತರುವುದು. ಕೊಡದುದನ್ನು ತೆಗೆದುಕೊಳ್ಳಬಾರದೆಂಬುದು ತನ್ನ ವ್ರತವೆಂದು ಭಿಕ್ಷುವೂ, ಸುಳ್ಳಾಡಬಾರದೆಂಬುದು ತನ್ನ ಸಮಯವೆಂದು ಕಾಪಾಲಿಕನೂ ಹೇಳುವರು. ಎರಡೂ ನ್ಯಾಯವೇ ಎಂದು ಮಧ್ಯಸ್ಥನು ತಲೆದೂಗುವನು. ನೈಯಾಯಿಕರು ಸತ್ಪ್ರತಿಪಕ್ಷವೆಂದು ಕರೆಯುವ ಹೇತ್ವಾಭಾಸಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆಯು ಪಾಠಶಾಲೆಗಳಲ್ಲಿ ಸಿಕ್ಕುವುದು ಕಷ್ಟ. ಪ್ರತಿಜ್ಞೆಯಿಂದ ಮಾತ್ರ ಸಿದ್ಧಿಯಿಲ್ಲ, ಹೇತುವು ಬೇಕೆಂಬ ಆಕ್ಷೇಪಕ್ಕೆ, ಪ್ರತ್ಯಕ್ಷವಿರುವಾಗ ಹೇತುವಿನ ಮಾತೇಕೆಂಬ ಉತ್ತರವು ಬರುವುದು. ಶಾಸ್ತ್ರದ ಮಾತುಗಳೆಲ್ಲವೂ ಇವೆ, ಶಾಸ್ತ್ರವಿಲ್ಲ. ವಾದವೆಂದು ಆರಂಭವಾದುದು ಜಲ್ಪವಾಗಿ, ವಿತಂಡೆಯಾಗಿ, ಕೈಕೈ ಮಿಲಾಯಿಸುವಲ್ಲಿಗೆ ಇಳಿಯುವುದು.

ನಮ್ಮಂತಹವರಿಗೂ ಇದರಲ್ಲಿ ಒಂದು ಚುಚ್ಚು ಇದೆ. ಭಿಕ್ಷುವು ಪ್ರವೇಶಿಸುವಾಗಲೇ ಒಂದು ಗ್ರಂಥಸಂಶೋಧನೆಯಲ್ಲಿ ಮಗ್ನನಾಗಿರುವನು. ಇಷ್ಟು ಸುಖವನ್ನು ಅನುಮತಿಸಿದ ಭಗವಂತನು ಮದ್ಯವನ್ನೂ ಸ್ತ್ರೀಯರನ್ನೂ ನಿಷೇಧಿಸಿರಲಾರನು. ಹೊಟ್ಟೆಕಿಚ್ಚಿನ ಮುದುಕರು ಆ ವಾಕ್ಯಗಳನ್ನು ಪುಸ್ತಕದಿಂದ ಅಳಿಸಿರಬೇಕು. ಶುದ್ಧವಾದ ಮೂಲಪಾಠವು ಎಲ್ಲಿ ದೊರೆತೀತು ಎಂಬುದು ಅವನ ಚಿಂತೆ. ತನಗೆ ಬೇಕಾದುದೇ ಮೂಲಪಾಠ, ಬೇಡವಾದುದು ಪ್ರಕ್ಷಿಪ್ತ ಎಂಬ ಈ ಪದ್ಧತಿಯು ಏಳನೆಯ ಶತಮಾನಕ್ಕೇ ಮುಗಿಯಿತೆಂದು ಸಂಶೋಧಕರಾರೂ ಎದೆ ಮುಟ್ಟಿ ಹೇಳಲಾರರು.

೩

ಇಲ್ಲಿ ಹಾಸ್ಯದ ಮೂಲವೇನು? ಶಂಕೆಯೇ ಹಾಸ್ಯಾಸ್ಪದವೆಂಬುದು ಸುಲಭವಾಗಿ ತೋರುವ ಉತ್ತರ. ಅದು ಸರಿಯಲ್ಲ.

ಗೌತಮನ ನ್ಯಾಯಸೂತ್ರಗಳಲ್ಲಿ ಹದಿನಾರು ಪದಾರ್ಥಗಳನ್ನು ಎಣಿಸುವಾಗ ಸಂಶಯವು ಮೂರನೆಯದಾಗಿ, ನಿರ್ಣಯವು ಒಂಬತ್ತನೆಯದಾಗಿ ಬರುವುವು. ಸಂಶಯವಿಲ್ಲದೆ ವಿಚಾರವಿಲ್ಲ, ವಿಚಾರವಿಲ್ಲದೆ ನಿರ್ಣಯವಿಲ್ಲ. ದೂರದಲ್ಲಿ ಕಂಡುದು ಮೋಟುಮರವೋ ಮನುಷ್ಯನೋ ಎಂದು ಬುದ್ಧಿಯು ಎರಡು ಕೋಟಿಗಳಲ್ಲಿ ತೂಗಾಡುತ್ತ, ವಿಶೇಷವನ್ನು ತಿಳಿಯಲು ಬಯಸುವ ಸ್ಥಿತಿಯೇ ಸಂಶಯ. ಅದನ್ನು ಲಕ್ಷಣಿಸುವಾಗ ಸೂತ್ರಕಾರನು ಬಳಸಿರುವ ಪದವು ‘ವಿಮರ್ಶ’ವೆಂಬುದು ಸಾಹಿತ್ಯೋಪಾಧ್ಯಾಯರು ನೆನಪಿನಲ್ಲಿಡತಕ್ಕ ಸಂಗತಿ. ಮೋಟುಮರವನ್ನು ಕಂಡು ಮನುಷ್ಯನೇ ಎಂದು ನಿಶ್ಚಯಿಸಿಬಿಡುವುದು ಸಂಶಯವಲ್ಲ, ವಿಪರ್ಯಯ. ಲೋಕದಲ್ಲಿ ನಾವು ಸಂಶಯಪಿಶಾಚಿಯೆಂದು ಕರೆಯುವವನಿಗೆ ವಾಸ್ತವವಾಗಿ ಸಂಶಯವೆಂಬುದೇ ಇಲ್ಲ. ಹೆಂಡತಿಯ ಮೇಲೆ, ನೆರೆಯವನ ಮೇಲೆ, ಪರಪಂಥದವನ ಮೇಲೆ ಅವನಿಗಿರುವುದು ದೃಢನಿಶ್ಚಯ. ಒಂದಿಷ್ಟು ನಿಜವಾದ ಸಂಶಯವು ಅವನಲ್ಲಿ ಹುಟ್ಟಿದ್ದರೆ ಅವನು ಉದ್ಧಾರವಾಗುತ್ತಿದ್ದನು.

ಆದುದರಿಂದ ಪತ್ತೇದಾರನನ್ನು ಅಣಕಿಸುವ ಪ್ರಹಸನದಲ್ಲಿ ನಗೆಗೆ ಆಲಂಬನವಾಗುವುದು ಸಂಶಯವಲ್ಲ, ಸಂಶಯದ ಅಭಾವ. ಕಾಪಾಲಿಕನು ಎರಡು ಕೋಟಿಗಳನ್ನು ಹಿಡಿದಿದ್ದ ಒಂದು ಗಳಿಗೆ ಮಾತ್ರ ವಿವೇಕಿಯಾಗಿದ್ದನು. ಒಂದನ್ನು ಬಿಟ್ಟೊಡನೆ ಹಾಸ್ಯಪಾತ್ರವಾದನು. ಇದರಿಂದ ರಚನೆಯ ವಿಷಯದಲ್ಲಿ ಒಂದು ನಿಯಮವು ದೊರೆಯುವುದು. ಸತ್ಯವು ನಾಟಕದ ಆರಂಭದಲ್ಲಿಯೇ ಪ್ರೇಕ್ಷಕರ ಕಣ್ಣಿಗೋ ಕಿವಿಗೋ ಒಮ್ಮೆ ಬಿದ್ದಿರಬೇಕು. ಶೋಧಕನು ಅದನ್ನು ದಾಟಿ ಹೋಗಬೇಕು. ಮೊದಲು ಸೂಚನೆಯೇ ಇಲ್ಲದ ಉತ್ತರವನ್ನು ಕೊನೆಯಲ್ಲಿ ಆಕಾಶದಿಂದ ಇಳಿಸಿದರೆ ಆಶ್ಚರ್ಯವು ಹುಟ್ಟೀತು, ಹಾಸ್ಯವು ಹುಟ್ಟದು. ಮಹೇಂದ್ರವರ್ಮನ ಹುಚ್ಚನು ಆಕಸ್ಮಿಕವಾಗಿ ಬಂದನೆಂದು ಆಕ್ಷೇಪಿಸುವವರು ನಾಯಿಯ ಹೆಸರು ಮೊದಲೇ ಕೇಳಿಬಂದುದನ್ನು ಮರೆತವರು. ಎಂದರೆ ಕಾಪಾಲಿಕನ ಮರೆವನ್ನೇ ಮರೆತವರು.

೪

ಈ ನಿಯಮಕ್ಕೆ ಅನುಗುಣವಾದ ಇನ್ನೊಂದು ನಾಟಕವು ನಮ್ಮನ್ನು ಬೆಳಗಾವಿಗೆ ಕರೆತರುವುದು. ಅದು ಗೋವಿಂದ ಬಲ್ಲಾಳ ದೇವಲರ ‘ಸಂಗೀತ ಸಂಶಯಕಲ್ಲೋಳ’. ದೇವಲರು (೧೮೫೫–೧೯೧೬) ಸಾಂಗಲಿಯ ಬಳಿಯ ಹರಿಪುರದವರು. ಬೆಳಗಾವಿಯಲ್ಲಿ ಓದಿ ಅಲ್ಲಿಯೇ ಕೆಲವು ಕಾಲ ಉಪಾಧ್ಯಾಯರಾಗಿದ್ದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೪೩ರಲ್ಲಿ ಹುಟ್ಟಿ, ೧೮೮೦ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ನಾಟ್ಯವಿಷಯದಲ್ಲಿ ಅವರಿಗೆ ಗುರುಸ್ಥಾನದಲ್ಲಿದ್ದವರು. ದೇವಲರು ‘ಮೃಚ್ಛಕಟಿಕ’ವನ್ನೂ ಮರಾಠಿಗೆ ತಂದಿರುವರೆಂಬುದು ಮುಂದಿನ ವಿಚಾರಕ್ಕೆ ಉಪಯುಕ್ತವಾದ ಸಂಗತಿ.

‘ಸಂಶಯಕಲ್ಲೋಳ’ದ ಮೂಲವಸ್ತುವು ಮೋಲಿಯೇರನ ೧೬೬೦ರ ಪ್ರಹಸನವೊಂದರದು, ಆರ್ಥರ್ ಮರ್ಫಿಯ ೧೭೬೧ರ ಇಂಗ್ಲಿಷ್ ನಾಟಕದ ಮಾರ್ಗವಾಗಿ ಅದು ದೇವಲರಿಗೆ ಬಂದಿತು. ಮೊದಲು ಗದ್ಯನಾಟಕವಾಗಿದ್ದುದು ೧೯೧೬ರಲ್ಲಿ ಸಂಗೀತ ನಾಟಕವಾಗಿ ರಂಗವನ್ನೇರಿತು. ಬೀದಿಯಲ್ಲಿ ಮೂರ್ಛೆಹೋದ ರೇವತಿಯೆಂಬ ತರುಣಿಯನ್ನು ಫಾಲ್ಗುಣರಾಯನು ಹಿಡಿದೆತ್ತುವನು. ಅದನ್ನು ಅವನ ಹೆಂಡತಿಯಾದ ಕೃತ್ತಿಕೆಯು ದೂರದಿಂದ ಕಾಣುವಳು. ರೇವತಿಯ ಕೈಯಿಂದ ಜಾರಿದ ಅಶ್ವಿನಶೇಠನ ಭಾವಚಿತ್ರವು ಕೃತ್ತಿಕೆಗೆ ಸಿಕ್ಕುವುದು. ಅದನ್ನು ಅವಳು ನೋಡುತ್ತಿರುವುದು ಗಂಡನ ಕಣ್ಣಿಗೆ ಬೀಳುವುದು. ಚಿತ್ರವು ಅವನ ವಶಕ್ಕೆ ಬಂದುದನ್ನು ಕಂಡ ಅಶ್ವಿನಶೇಠನು ತನ್ನ ಪ್ರಿಯೆಯ ಮೇಲೆಯೇ ಶಂಕೆಗೊಳ್ಳುವನು. ಹೀಗೆ ಒಂದೇ ಚಿತ್ರವು ಕೈಯಿಂದ ಕೈಗೆ ಹೋಗುತ್ತ, ಹಿಡಿದವರಿಗೆಲ್ಲ ಬೇರೆಬೇರೆ ಅಪರಾಧವನ್ನು ಸಾರುವುದು. ಕಾಂಚಿಯಲ್ಲಿ ಕಪಾಲವಿದ್ದ ಸ್ಥಾನದಲ್ಲಿ ಇಲ್ಲಿ ಚಿತ್ರವಿದೆ. ಅಲ್ಲಿ ವಸ್ತುವಿಲ್ಲದೆ ಅಪರಾಧವು ಕಲ್ಪಿತವಾಯಿತು. ಇಲ್ಲಿ ವಸ್ತುವಿದ್ದು ಅಪರಾಧವು ಕಲ್ಪಿತವಾಯಿತು. ಎರಡು ಕಡೆಗಳಲ್ಲಿಯೂ ಪ್ರೇಕ್ಷಕನಿಗೆ ನಡೆದುದರ ಪ್ರತ್ಯಕ್ಷಜ್ಞಾನವೋ ಮೊದಲ ಸುಳಿವೋ ಇರುವುದು. ಪಾತ್ರಗಳು ಅನುಮಾನದಲ್ಲಿ ಮುಳುಗಿರುವುವು.

ಈ ನಾಟಕದ ನಾಮಕರಣದಲ್ಲಿ ಜ್ಯೋತಿಷವನ್ನು ಬಲ್ಲವರು ಸವಿಯಬಹುದಾದ ಒಂದು ಚಾತುರ್ಯವಿದೆಯೆಂದು ನಮಗೆ ತೋರುವುದು. ಗಂಡಸರಿಗೆ ಮಾಸಗಳ ಹೆಸರು, ಹೆಂಗಸರಿಗೆ ನಕ್ಷತ್ರಗಳ ಹೆಸರು. ಹುಣ್ಣಿಮೆಯಂದು ಚಂದ್ರನು ಯಾವ ನಕ್ಷತ್ರದ ಬಳಿಯಿರುವನೋ ಅದರಿಂದ ಮಾಸಕ್ಕೆ ಹೆಸರು. ಫಾಲ್ಗುಣಕ್ಕೆ ಸಲ್ಲತಕ್ಕುದು ಫಲ್ಗುನಿ. ಕೃತ್ತಿಕೆಯು ಕಾರ್ತಿಕದ ನಕ್ಷತ್ರ. ಫಾಲ್ಗುಣರಾಯನ ಮನೆಯಲ್ಲಿರುವವಳು ಕೃತ್ತಿಕೆ! ಅವನ ಶಂಕೆಗೆ ಆಕಾಶದಲ್ಲಿ ಆಧಾರವುಂಟು, ಭೂಮಿಯಲ್ಲಿ ಇಲ್ಲ. ಇಪ್ಪತ್ತೇಳು ನಕ್ಷತ್ರಗಳಲ್ಲಿ ಕಡೆಯದಾದ ರೇವತಿಯೂ ಮೊದಲನೆಯದಾದ ಅಶ್ವಿನಿಯೂ ಚಕ್ರದಲ್ಲಿ ಒಂದರ ಪಕ್ಕದ ಇನ್ನೊಂದಾಗಿರುವುದರಿಂದ ರೇವತಿ ಮತ್ತು ಅಶ್ವಿನಶೇಠರ ಜೋಡಿಯು ಯುಕ್ತವೇ ಆಗಿದೆ.

ನಾಟಕದ ಹೆಸರಿನಲ್ಲಿರುವ ‘ಸಂಶಯ’ವು ಲೋಕರೂಢಿಯ ಮಾತೆಂಬುದನ್ನು ಇಲ್ಲಿ ಹೇಳಬೇಕು. ಶಾಸ್ತ್ರದೃಷ್ಟಿಯಿಂದ ಅದು ವಿಪರ್ಯಯಕಲ್ಲೋಳ. ಫಾಲ್ಗುಣರಾಯನು ಸೇವಕನನ್ನು ಬೇಹಿಗೆ ಬಿಡುವುದೂ, ಕೃತ್ತಿಕೆಯು ಗಂಡನ ಹೆಜ್ಜೆಯನ್ನು ಕಾಯುವುದೂ ತಿಳಿಯುವುದಕ್ಕಾಗಿ ಅಲ್ಲ, ತಿಳಿದುದಕ್ಕೆ ಮುದ್ರೆಯನ್ನು ಒತ್ತಿಸುವುದಕ್ಕಾಗಿ.

೫

ಇದೇ ವಿಪರ್ಯಯವು ಎಲ್ಲೆಡೆಯಲ್ಲಿಯೂ ನಗೆಯನ್ನು ತರುವುದೇ? ತರುವುದಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಒಂಬತ್ತನೆಯ ಅಂಕದಲ್ಲಿ ಚಾರುದತ್ತನ ಮೇಲೆ ಕೊಲೆಯ ಆರೋಪವು ಬಂದಾಗ ಸಾಕ್ಷ್ಯಗಳೆಲ್ಲವೂ ಒಂದೊಂದಾಗಿ ಅವನಿಗೆ ವಿರುದ್ಧವಾಗಿ ಕೂಡಿಬರುವುವು. ವಸಂತಸೇನೆಯು ಅವನ ಮನೆಗೆ ಹೋದುದು ನಿಜ. ಅವನ ಬಂಡಿಯು ಹೋದುದು ನಿಜ. ಉದ್ಯಾನದಲ್ಲಿ ಹೆಣ್ಣಿನ ಶವವಿದ್ದುದೂ ನಿಜ. ವಿದೂಷಕನ ಕಂಕುಳಿಂದ ಅವಳ ಒಡವೆಗಳು ಸಭೆಯ ನಡುವೆ ಉದುರಿದುದಂತೂ ಎಲ್ಲರೂ ಕಂಡ ನಿಜ. ಅಷ್ಟು ನಿಜಗಳಿಂದ ಒಂದು ಸುಳ್ಳು ಸಿದ್ಧವಾಯಿತು. ಪ್ರೇಕ್ಷಕನಿಗೆ ಸತ್ಯವು ಗೊತ್ತು. ಆದರೂ ಅವನು ನಗಲಾರನು. ರಾಜನ ಮೈದುನನು ಎದುರಿಗೆ ಕುಳಿತಿರುವನು, ಶೂಲವು ಕಾದಿರುವುದು.

ಬೆಳಗಾವಿ ಜಿಲ್ಲೆಯ ಸಣ್ಣಾಟಗಳಲ್ಲಿ ಪ್ರಸಿದ್ಧವಾದ ‘ಸಂಗ್ಯಾ ಬಾಳ್ಯಾ’ವನ್ನು ಇದರ ಬಳಿಯಲ್ಲಿರಿಸಿ ನೋಡಬಹುದು. ಬೈಲಹೊಂಗಲದ ಸೀಮೆಯಲ್ಲಿ ನಡೆದ ಕೊಲೆಯ ಮೇಲೆ ಹುಟ್ಟಿದ ಆಟವದು. ಸ್ನೇಹಿತನ ಹೆಂಡತಿಯಾದ ಗಂಗಿಯನ್ನು ಸಂಗ್ಯಾ ಮೋಹಿಸುವನು, ಗಂಡನಿಗೆ ಸುದ್ದಿ ಮುಟ್ಟುವುದು, ಸಂಗ್ಯಾ ಹತನಾಗುವನು. ಇಲ್ಲಿ ಗಂಡನ ಶಂಕೆಯು ಸುಳ್ಳಲ್ಲ. ಆದರೆ ಅದು ನಿಜವಾದುದರಿಂದ ಮಾತ್ರ ಆಟವು ಕರುಣಕ್ಕೆ ತಿರುಗಿತೆಂದರೆ ಸಾಲದು. ಶೋಧಕನೂ ನಿರ್ಣಾಯಕನೂ ದಂಡಧರನೂ ಒಬ್ಬನೇ ಆದುದು ಮುಖ್ಯಕಾರಣ. ತಿಳಿದುದಕ್ಕೂ ಕೊಂದುದಕ್ಕೂ ನಡುವೆ ಉಸಿರಾಡಲು ಎಡೆಯಿರಲಿಲ್ಲ.

ನಿರ್ಣಯಕ್ಕೂ ದಂಡಕ್ಕೂ ನಡುವೆ ಅವಕಾಶವಿದ್ದರೆ ಪ್ರಹಸನ. ಅವಕಾಶವು ಮುಚ್ಚಿದರೆ ಕರುಣ. ‘ಮತ್ತವಿಲಾಸ’ದ ಜಗಳಗಂಟರು ನ್ಯಾಯಸ್ಥಾನಕ್ಕೆ ಹೋಗುವ ಮಾತು ಬಂದಾಗ, ವಿಹಾರಗಳ ಹಣವುಳ್ಳ ಭಿಕ್ಷುವು ಅಧಿಕಾರಿಗಳ ಬಾಯನ್ನು ತುಂಬಬಲ್ಲನು, ಬೂದಿಯೇ ಆಸ್ತಿಯಾದ ನಮಗೆ ಅಲ್ಲಿ ಏನು ಗತಿಯೆಂದು ದೇವಸೋಮೆಯು ಅಂಜುವಳು. ನಗೆಯ ನಡುವೆ ಅದೊಂದೇ ತಣ್ಣನೆಯ ಮಾತು. ಸ್ವತಃ ದಂಡಧರನಾದ ಅರಸನು ಆ ಮಾತನ್ನು ಬರೆದು, ಹುಚ್ಚನನ್ನು ದಾರಿಯಲ್ಲಿಯೇ ಎದುರು ತಂದು, ಎಲ್ಲರನ್ನೂ ನ್ಯಾಯಸ್ಥಾನದ ಹೊರಗೇ ನಿಲ್ಲಿಸಿ ಉಳಿಸಿದನು. ಇದು ಅವನ ಕಥಾಕೌಶಲಕ್ಕಿಂತ ಹೆಚ್ಚಿನದೊಂದನ್ನು ಸೂಚಿಸುವುದು.

ಕನ್ನಡದಲ್ಲಿ ಇದಕ್ಕೆ ಪೂರಕವಾದ ಪ್ರಸಂಗವು ಸುಮಾರು ೧೦೩೧ರ ದುರ್ಗಸಿಂಹನ ‘ಪಂಚತಂತ್ರ’ದಲ್ಲಿದೆ. ದುಷ್ಟಬುದ್ಧಿಯು ತಾನೇ ಹೊನ್ನನ್ನು ಕದ್ದು, ಆಲದಮರವನ್ನು ಸಾಕ್ಷಿಯೆಂದು ಹೇಳಿ, ತನ್ನ ತಂದೆಯಾದ ಪ್ರೇಮಮತಿಯನ್ನು ಪೊಟರೆಯಲ್ಲಿ ಕೂರಿಸುವನು. ಮರವು ಮಾತಾಡಿದಾಗ ನೆರೆದವರು ವಿಸ್ಮಯಗೊಂಡು ನಂಬುವರು. ಧರ್ಮಬುದ್ಧಿಯೊಬ್ಬನು ಮಾತ್ರ ಮರವನ್ನು ಬಲವಂದು, ಪೊಟರೆಯನ್ನೂ ಮನುಷ್ಯಸಂಚಾರದ ಗುರುತನ್ನೂ ಕಂಡು, ಹೊಗೆಯಿಂದ ಸತ್ಯವನ್ನು ಹೊರಡಿಸುವನು. ಶಾಲೆಗಳಲ್ಲಿ ಇದನ್ನು ಧರ್ಮಕ್ಕೆ ಜಯವೆಂದು ಪಾಠ ಹೇಳುವರು. ಸಂಶಯಕ್ಕೆ ಜಯವೆಂದೂ ಹೇಳತಕ್ಕುದು ಯುಕ್ತ. ದೈವವಾಣಿಯ ಎದುರಿನಲ್ಲಿಯೂ ಎರಡನೆಯ ಕೋಟಿಯನ್ನು ಕೈಬಿಡದವನು ಧರ್ಮಬುದ್ಧಿ. ಕಾಪಾಲಿಕನು ಮಾಡದೆಹೋದುದನ್ನು ಅವನು ಮಾಡಿದನು.

೬

ಇಂತಹ ನಾಟಕಕ್ಕೆ ದೊಡ್ಡ ರಂಗಮಂದಿರಕ್ಕಿಂತ ಊರಿನ ಚಿಕ್ಕ ರಂಗವೇ ತಕ್ಕುದೆಂಬುದನ್ನು ಈಗ ಹೇಳಬಹುದು. ಪ್ರಸ್ತಾವನೆಯ ಸೂತ್ರಧಾರ ನಟಿಯರನ್ನು ಬಿಟ್ಟರೆ ‘ಮತ್ತವಿಲಾಸ’ಕ್ಕೆ ಬೇಕಾದ ಪಾತ್ರಗಳು ಐದು. ಅಂಕವೊಂದೇ. ಪರಿಕರವೆಂದರೆ ಎರಡು ಪಾತ್ರೆಗಳು. ಪಾತ್ರೆಯ ಬಣ್ಣವು ಪ್ರತಿಯೊಬ್ಬ ಪ್ರೇಕ್ಷಕನಿಗೂ ಕಾಣಬೇಕು. ಕಂಡರಲ್ಲದೆ ಕಾಪಾಲಿಕನ ಹಟವು ನಗೆಯನ್ನು ತಾರದು. ಪ್ರೇಕ್ಷಕನ ಪ್ರತ್ಯಕ್ಷವೇ ಇದರ ಪ್ರಾಣವಾದುದರಿಂದ ಅವನು ಹತ್ತಿರದಲ್ಲಿ ಕುಳಿತಿರಬೇಕು. ಸಣ್ಣಾಟ, ಶ್ರೀಕೃಷ್ಣಪಾರಿಜಾತಗಳನ್ನು ಬೆಳೆಸಿದ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಗೆ ಈ ಸಾಮೀಪ್ಯವು ಹೊಸದಲ್ಲ. ಅಲ್ಲಿ ಆಡುವವನೂ ನೋಡುವವನೂ ಒಂದೇ ಬಾವಿಯ ನೀರನ್ನು ಕುಡಿದವರು. ನೆರೆಯವನು ನೆರೆಯವನನ್ನು ಶಂಕಿಸುವ ಕಥೆಯನ್ನು ನೆರೆಯವರೇ ಆಡಿತೋರಿಸುವಾಗ ಹುಟ್ಟುವ ನಗೆಯು ಪರಸ್ಥವಾಗಿ ಆರಂಭವಾಗಿ ಆತ್ಮಸ್ಥವಾಗಿ ಮುಗಿಯುವುದು. ಭರತನು ಹಾಸ್ಯವನ್ನು ಈ ಎರಡು ಬಗೆಯಾಗಿ ವಿಭಾಗಿಸಿರುವನಷ್ಟೆ; ಒಂದು ಇನ್ನೊಂದಾಗಿ ಮಾರ್ಪಡುವ ಸ್ಥಾನವು ಚಿಕ್ಕ ರಂಗ.

ಬೆಳಗಾವಿಗೆ ಈ ನಗೆಯು ವಿಶೇಷವಾಗಿ ಬೇಕಾಗಿದೆ. ೧೯೫೬ರ ರಾಜ್ಯಪುನರ್ವಿಂಗಡಣೆಯಿಂದ ಈಚೆಗೆ, ೧೯೬೭ರ ಮಹಾಜನ ಆಯೋಗದ ವರದಿಯನ್ನು ದಾಟಿ, ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಏರಿದ ಗಡಿವಿವಾದವು ಕನ್ನಡಿಗರಿಗೂ ಮರಾಠಿಗರಿಗೂ ನಡುವೆ ಹೆಣೆದಿರುವ ಶಂಕೆಗಳನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ನ್ಯಾಯಾಲಯದ ವಿಷಯವು ನ್ಯಾಯಾಲಯಕ್ಕೆ ಸೇರಿದುದು. ಸಾಹಿತ್ಯದ ವಿಷಯದಲ್ಲಿ ಮಾತ್ರ ನಾವು ಒಂದು ಮಾತನ್ನು ಆಡಬಹುದು. ೧೮೪೩ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದುದಕ್ಕೆ ಉತ್ತರಕನ್ನಡದ ಕರ್ಕಿಯ ಭಾಗವತರ ಆಟವು ಪ್ರೇರಕವಾಯಿತು, ಮುಂದೆ ಮರಾಠಿ ಕಂಪನಿಗಳ ವೈಭವವನ್ನು ಕಂಡು ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಕ್ಕೆ ಟೊಂಕ ಕಟ್ಟಿದರು. ಈ ಕೊಡುಕೊಳೆಯನ್ನು ಕುರಿತು ಬರೆಯುವಾಗ ಎರಡು ಕಡೆಯ ಪಂಡಿತರೂ ಯಾರು ಯಾರಿಂದ ಒಯ್ದರೆಂದು ಚೀವರವನ್ನು ಎತ್ತಿನೋಡುವುದುಂಟು. ಕಪಾಲವು ಯಾರದೆಂಬ ಜಗಳದಲ್ಲಿ ಅದರೊಳಗಿನ ರಸವು ನೆಲಕ್ಕೆ ಚೆಲ್ಲುತ್ತಿರುವುದನ್ನು ಗಮನಿಸುವವರು ಕಡಮೆ.

ಖಾನಾಪುರ ತಾಲ್ಲೂಕಿನ ಹಲಸಿಯು ಪ್ರಾಚೀನ ಪಲಾಶಿಕೆ, ಕದಂಬರ ನೆಲೆ. ಅಲ್ಲಿ ದೊರೆತ ತಾಮ್ರಶಾಸನಗಳನ್ನು ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವರಿ’ಯ ೬ನೆಯ ಸಂಪುಟದಲ್ಲಿ (೧೮೭೭) ಪ್ರಕಟಿಸಿದರು. ಅವುಗಳಲ್ಲಿ ಮೃಗೇಶವರ್ಮನದೊಂದು. ಐದನೆಯ ಶತಮಾನದ ಆ ಅರಸನು ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಸಂಘಗಳಿಗೆ ೩೩ ನಿವರ್ತನಗಳಷ್ಟು ಭೂಮಿಯನ್ನು ದಾನವಿತ್ತನು. ಆಚಾರದಲ್ಲಿ ಭಿನ್ನರಾದ ಮೂರು ಸಂಘಗಳ ಹೆಸರುಗಳು ಒಂದೇ ಹಲಗೆಯ ಮೇಲೆ, ಒಂದೇ ದಾನದ ಪಾಲುಗಾರರಾಗಿ ನಿಂತಿರುವುವು. ಅವರಲ್ಲಿ ಜಗಳವಿರಲಿಲ್ಲವೆಂದು ಇದರಿಂದ ಸಾಧಿಸಲಾಗದು. ಹಾಗೆ ಸಾಧಿಸಹೊರಟರೆ ನಾವೂ ಕಾಪಾಲಿಕರಾದೇವು. ಒಂದೇ ಭೂಮಿಯನ್ನು ಹಂಚಿಕೊಂಡು ಉಣ್ಣಬಲ್ಲರೆಂಬ ನಂಬಿಕೆಯು ದಾನಿಗಿತ್ತೆಂಬಷ್ಟು ಮಾತ್ರ ಸಿದ್ಧ. ಅಷ್ಟೇ ಸಾಕು.

‘ಮತ್ತವಿಲಾಸ’ದ ಭಾಷೆಯು ಈ ಸಂದರ್ಭದಲ್ಲಿ ನಮಗೆ ಒಂದು ದಾರಿಯನ್ನು ತೋರಿಸುವುದು. ಕಾಪಾಲಿಕನೂ ಪಾಶುಪತನೂ ಆಡುವುದು ಸಂಸ್ಕೃತ. ದೇವಸೋಮೆಯೂ ಭಿಕ್ಷುವೂ ಹುಚ್ಚನೂ ಆಡುವುದು ಪ್ರಾಕೃತಗಳು. ಇಷ್ಟು ದೊಡ್ಡ ಜಗಳದಲ್ಲಿ ಒಬ್ಬನಾದರೂ ಮತ್ತೊಬ್ಬನ ಭಾಷೆಯು ತನಗೆ ತಿಳಿಯಲಿಲ್ಲವೆಂದು ಹೇಳುವುದಿಲ್ಲ. ತಪ್ಪುತಿಳಿವಳಿಕೆಯು ಭಾಷೆಯಿಂದ ಹುಟ್ಟಿದುದಲ್ಲ. ಬೆಳಗಾವಿಯ ಪೇಟೆಯಲ್ಲಾಗಲಿ ಖಾನಾಪುರದ ಸಂತೆಯಲ್ಲಾಗಲಿ ಒಬ್ಬನು ಕನ್ನಡದಲ್ಲಿ ಕೇಳಿ ಇನ್ನೊಬ್ಬನು ಮರಾಠಿಯಲ್ಲಿ ಉತ್ತರವಿತ್ತು ವ್ಯಾಪಾರವನ್ನು ಮುಗಿಸುವುದು ನಿತ್ಯದ ಸಂಗತಿ. ಅಲ್ಲಿಯ ಹವ್ಯಾಸಿ ಮಂಡಳಿಗಳು ಈ ಪ್ರಹಸನವನ್ನು ಎತ್ತಿಕೊಂಡು, ಕಾಪಾಲಿಕನಿಗೆ ಕನ್ನಡವನ್ನೂ ಭಿಕ್ಷುವಿಗೆ ಮರಾಠಿಯನ್ನೂ ಕೊಟ್ಟು, ಮರುದಿನ ಪಾತ್ರಗಳನ್ನು ಅದಲುಬದಲು ಮಾಡಿ ಆಡಿದರೆ ಅದು ಮೂಲಕ್ಕೆ ದ್ರೋಹವಾಗದು. ಮೂಲದ ದ್ವಿಭಾಷಾಸ್ವಭಾವಕ್ಕೆ ಇಂದಿನ ಅನುವಾದಗಳಲ್ಲಿ ಇದಕ್ಕಿಂತ ಸಮೀಪವಾದುದು ದೊರೆಯಲಾರದು.

ಆಡಿಸುವವರಿಗೆ ಎರಡು ಎಚ್ಚರಿಕೆಗಳನ್ನು ಹೇಳಿ ಮುಗಿಸುವೆವು. ಮೊದಲನೆಯದು, ಕಾಪಾಲಿಕನ ಆದಿಯ ಊಹೆಯಲ್ಲಿ ನಾಯಿಯ ಹೆಸರನ್ನು ನಟನು ನುಂಗಬಾರದು. ಕಡೆಯ ಸಾಲಿನಲ್ಲಿ ಕುಳಿತವನಿಗೂ ಅದು ಕೇಳಿಸಬೇಕು. ಎರಡನೆಯದು, ಹುಚ್ಚನನ್ನು ಕೋಡಂಗಿಯನ್ನಾಗಿ ಕುಣಿಸಬಾರದು. ಪ್ರಮಾಣಗಳ ಗೊಡವೆಯಿಲ್ಲದೆ, ಕಂಡ ನಾಯಿಯಿಂದ ಕಂಡ ಪಾತ್ರೆಯನ್ನು ಕಸಿದುಕೊಂಡವನು ಆ ಕಾಂಚಿಯಲ್ಲಿ ಅವನೊಬ್ಬನೇ. ಅವನು ಸುಮ್ಮನೆ ನಡೆದುಬಂದರೆ ಸಾಕು, ನಗತಕ್ಕವರು ನಗುವರು.